ಮಾನ್ವಿ ಈ ಸಲ ಸೋಲ್ತದ

"ಇನ್ನೊಂದು ಚರಿಗಿ ಹಾಕು. ಪಾದ ತೊಯ್ದಿಲ್ಲ," ಎಂದಳು ಬಡೇಬೀ.

ರೇಣುಕಮ್ಮ ಹಂಡೆಯಿಂದ ಚರಿಗೆ ತುಂಬಿಕೊಂಡು ಸತ್ತ ಅತ್ತೆ ಅಯ್ಯಮ್ಮನ ಪಾದಗಳ ಮೇಲೆ ಹೊಯ್ದಳು. ಅಂಗಳದ ಮೂಲೆಯಲ್ಲಿ ಎರಡು ಹಳೆಯ ಸೀರೆಗಳನ್ನು ಮರೆಗೆ ಕಟ್ಟಿದ್ದರು. ಒಂದರ ತುದಿ ಗಾಳಿಗೆ ಹಾರದಂತೆ ಪಕ್ಕದ ಮನೆಯ ಬಡೇಬೀ ಹಿಡಿದು ನಿಂತಿದ್ದಳು. ಅಯ್ಯಮ್ಮನಿಗೂ ಅವಳಿಗೂ ನಲವತ್ತು ವರ್ಷದ ನೆಂಟು. ಅತ್ತು ಅತ್ತು ಅವಳ ದನಿ ಒಡೆದಿತ್ತು, ಆದರೂ ನೀರು ಎಲ್ಲಿ ಬಿತ್ತು ಎಲ್ಲಿ ಬೀಳಲಿಲ್ಲ ಎಂದು ನೋಡುವುದನ್ನು ಬಿಟ್ಟಿರಲಿಲ್ಲ.

ಸೀರೆಯ ಆಚೆ ಗಂಡಸರು ಕೂತಿದ್ದರು. ಭಜನೆಯವರು ದಮ್ಮು ತೆಗೆದುಕೊಳ್ಳಲೆಂದು ತಾಳ ಕೆಳಗಿಟ್ಟಿದ್ದೇ ತಡ, ಅಲ್ಲಿಂದ ಮಾತು ಕೇಳಿಸತೊಡಗಿತು.

"ಆರು ವರ್ಷದಿಂದ ಒಂದ ಟೀಮು ಗೆಲ್ಲಾಕತ್ತದ. ಈ ಸಲ ಲೀಗ್‌ನಾಗ ಏಳಕ್ಕ ಏಳೂ ಗೆದ್ದು ಪ್ಲೇ ಆಫ್‌ಗೆ ಬಂದಾರ. ಮಾನ್ವಿ ಹ್ಯಾಂಗ ಸೋಲ್ತದ ಹೇಳು ನೋಡಮು?" ಇದು ಬಸ್ ನಿಲ್ದಾಣದ ಎದುರಿನ ಟೇಲರ್ ಮಹಾಂತಯ್ಯನ ದನಿ.

"ನಾ ಹೇಳಾಕತ್ತಿಲ್ಲ ಮಹಾಂತಯ್ಯ. ಅಯ್ಯಮ್ಮ ಹೇಳ್ಯಾಳ." ಇದು ಅರಕೇರಾದ ಅಯ್ಯಣ್ಣ ಮಾಸ್ತರ. ಅಲ್ಲಿನ ಸಾಲೆಯಲ್ಲಿ ಆಟ ಕಲಿಸುವವನು, ಅರಕೇರಾದ ಕಬಡ್ಡಿ ಟೀಮನ್ನು ಕಟ್ಟಿದವನೂ ಅವನೇ.

"ಯಾವಾಗ ಹೇಳಿದ್ಲು?"

"ಸೋಮವಾರ ಸಂಜಿಮುಂದ. ಗ್ರೌಂಡಿನಾಗ, ಎಲ್ಲರ ಮುಂದ. 'ಮಾನ್ವಿ ಈ ಸಲ ಸೋಲ್ತದ, ಅರಕೇರಾ ಗೆಲ್ತದ' ಅಂದ್ಲು. ಯಾಕಬೇ ಯವ್ವಾ ಅಂತ ಕೇಳಿದ್ರ ಎಲಿಅಡಿಕಿ ಉಗುಳಿ ಎದ್ದು ಹೋದ್ಲು."

ರೇಣುಕಮ್ಮನ ಕೈಯಲ್ಲಿ ಚರಿಗೆ ಹಾಗೇ ನಿಂತಿತು. ಹೆಣದ ಮುಂದೆ ಕಬಡ್ಡಿಯ ಮಾತು ನಡೆದದ್ದು ಅವಳಿಗೆ ಸೋಜಿಗವಾಗಲಿಲ್ಲ. ಒಳಗೆ ಮಲಗಿದ್ದವಳು ಬದುಕಿದ್ದರೆ ಮೊದಲು ಬಾಯಿ ಹಾಕುತ್ತಿದ್ದವಳು ಅವಳೇ. ಸೋಜಿಗವಾದದ್ದು ಅರಕೇರಾ ಎಂಬ ಹೆಸರು. ಅದು ರೇಣುಕಮ್ಮನ ತವರು. ಅವಳ ಅಣ್ಣನ ಮಗ ಕೃಷ್ಣ ಆ ಟೀಮಿನ ಮುಖ್ಯ ರೇಡರ್. ಇಷ್ಟು ವರ್ಷಗಳಲ್ಲಿ ಗೆಲ್ಲುವವರೆಂದು ಅತ್ತೆ ಒಂದು ದಿನವೂ ಆ ಊರಿನ ಹೆಸರು ಹೇಳಿದವಳಲ್ಲ. ಸೊಸೆಯ ತವರೆಂದು ಹೇಳುವವಳಂತೂ ಅಲ್ಲವೇ ಅಲ್ಲ.

ದೇವದುರ್ಗದ ಹೈಸ್ಕೂಲ್ ಗ್ರೌಂಡಿನಲ್ಲಿ ಪ್ರತಿ ಚಳಿಗಾಲ ಎಂಟು ಟೀಮುಗಳ ಕಬಡ್ಡಿ ಲೀಗ್ ನಡೆಯುತ್ತಿತ್ತು. ಮೇಲಿನ ನಾಲ್ಕು ಟೀಮು ಪ್ಲೇ ಆಫ್‌ಗೆ. ಪ್ಲೇ ಆಫ್‌ಗೆ ಮೊದಲು ಗ್ರೌಂಡಿನ ಅಂಚಿನ ಕಲ್ಲುಗಳ ಮೇಲೆ ಕೂತು ಯಾರು ಗೆಲ್ಲುತ್ತಾರೆಂದು ಹೇಳುವುದು ಊರಿನ ರೂಢಿ. ಆರು ವರ್ಷದಿಂದ ಅಯ್ಯಮ್ಮ ಮಾನ್ವಿ ಎಂದಳು, ಮಾನ್ವಿಯೇ ಗೆದ್ದಿತು. ಅದಕ್ಕೂ ಹಿಂದೆ ಕವಿತಾಳ ಎಂದಿದ್ದಳು, ಮಟಮಾರಿ ಎಂದಿದ್ದಳು, ಅದೂ ತಪ್ಪಿರಲಿಲ್ಲ. ಈ ಸಲ ಸೆಮಿಫೈನಲ್ ಇವತ್ತೇ, ಸಂಜೆ ಐದಕ್ಕೆ. ಮಾನ್ವಿ ಮತ್ತು ಅರಕೇರಾ.

ಎಪ್ಪತ್ತನಾಲ್ಕು ವರ್ಷದ ಅಯ್ಯಮ್ಮ ನಿನ್ನೆ ಮಧ್ಯಾಹ್ನ ರೊಟ್ಟಿ ಉಂಡು, ಎದೆ ಭಾರವಾಗಿದೆ ಎಂದು ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ.

ಮೈ ಒರೆಸಿ ಹಸಿರು ಸೀರೆ ಉಡಿಸುವಷ್ಟರಲ್ಲಿ ಆಟದ ಕಮಿಟಿಯವರು ಬಂದು ರೇಣುಕಮ್ಮನ ಗಂಡ ಹಂಪಯ್ಯನ ಮುಂದೆ ನಿಂತರು. ಪಂದ್ಯ ನಾಳೆಗೆ ಹಾಕೋಣವೇ ಎಂದು ಕೇಳಿದರು. ಹಂಪಯ್ಯ ಹೆಚ್ಚು ಮಾತಿನವನಲ್ಲ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಆಡ್ರಿ," ಎಂದ. "ನನ್ನವ್ವನ ಸಲುವಾಗಿ ಆಟ ನಿಂತ್ರ ಆಕಿನ ಎದ್ದು ಬಂದು ಬೈತಾಳ."

ಯಾರೋ ನಕ್ಕರು. ನಕ್ಕವರೇ ಅಳತೊಡಗಿದರು.

\*

ನಾಲ್ಕು ವರ್ಷದ ಹಿಂದಿನ ಮಾತು. ರೇಣುಕಮ್ಮ ಹೈಸ್ಕೂಲಿನಲ್ಲಿ ಬಿಸಿಯೂಟದ ಅಡುಗೆಯವಳು. ಒಂದು ಸಂಜೆ ದೊಡ್ಡ ಪಾತ್ರೆಗಳನ್ನು ತೊಳೆದು ಬೋರಲು ಹಾಕಿ ಹೊರಗೆ ಬಂದರೆ, ಗ್ರೌಂಡಿನ ಅಂಚಿನಲ್ಲಿ ಇಪ್ಪತ್ತು ಮಂದಿ ಗಂಡಸರು, ಅವರ ನಟ್ಟನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ತನ್ನ ಅತ್ತೆ. ಜೀವ ಹಿಡಿಯಷ್ಟಾಯಿತು. ಕಾಂಪೌಂಡ್ ಗೋಡೆಯ ಮರೆಗೆ ನಿಂತು ಕಿವಿಗೊಟ್ಟಳು.

ಮಾನ್ವಿಯ ರೈಸ್ ಮಿಲ್ಲಿನ ಸಾಹುಕಾರ ಶಂಭುಲಿಂಗಪ್ಪ ಆ ವರ್ಷ ದೇವದುರ್ಗದ ರೇಡರ್ ಹನುಮಂತರಾಯನನ್ನು ತನ್ನ ಟೀಮಿಗೆ ಎಳೆದುಕೊಂಡಿದ್ದ. ಕವಿತಾಳದಿಂದ ಇಬ್ಬರು, ಮಟಮಾರಿಯಿಂದ ಒಬ್ಬ ಮೊದಲೇ ಹೋಗಿದ್ದರು. ಎಲ್ಲರಿಗೂ ಮಿಲ್ಲಿನಲ್ಲಿ ಕೆಲಸ. ಹನುಮಂತರಾಯ ಹೋದ ಮೇಲೆ ದೇವದುರ್ಗದ ಟೀಮು ಕೊನೆಯ ಸ್ಥಾನಕ್ಕೆ ಇಳಿದಿತ್ತು.

"ಹೊರಗಿನವರು ಒಂದು ಟೀಮಿಗೆ ಇಬ್ಬರ ಅಂತ ಕಾಯ್ದಿ ಮಾಡಬೇಕು," ಎಂದು ಅಯ್ಯಣ್ಣ ಮಾಸ್ತರ ಕೂಗಾಡುತ್ತಿದ್ದ. "ಇಲ್ಲಂದ್ರ ಏಳು ಟೀಮು ಸುಮ್ಮ ಮೈ ತೊಳಕೊಂಡು ಬಂದು ಸೋತು ಹೋಗೋದು."

"ತಾಕತ್ತಿದ್ದವ ಕಟ್ಟತಾನ," ಎಂದ ಮಹಾಂತಯ್ಯ. ಅವನು ದೇವದುರ್ಗದವನಾದರೂ ಗೆಲ್ಲುವ ಟೀಮಿನ ಕಡೆಯವನು. "ಛಲೋ ಆಟಗಾರರು ಒಂದ ಕಡಿ ಸೇರಿದ್ರ ಆಟ ನೋಡಾಕ ಚಂದ ಇರ್ತದ. ತಪ್ಪೇನದ ಅದರಾಗ?"

"ಮಹಾಂತಯ್ಯ," ಎಂದಳು ಅಯ್ಯಮ್ಮ. "ನೀ ಅಂಗಿ ಹೊಲಿಯೋವಾಗ ಎರಡೂ ತೋಳು ಒಂದ ಕಡಿ ಹಚ್ಚತಿಯೇನು?"

ಗಂಡಸರೆಲ್ಲ ಹೋ ಎಂದು ನಕ್ಕರು. ಮಹಾಂತಯ್ಯ ಸೋಲಲಿಲ್ಲ. "ಮತ್ತ ನೀನ ಪ್ರತಿ ವರ್ಷ ಮಾನ್ವಿ ಗೆಲ್ತದ ಅಂತಿಯಲ್ಲ ಯವ್ವಾ?"

"ಗೆಲ್ತದ, ಅದಕ್ಕ ಅಂತೀನಿ. ಗೆಲ್ಲಲಿ ಅಂತ ಯಾವಾಗ ಅಂದೀನಿ? ಹ್ವಾದ ವರ್ಷ ಫೈನಲ್‌ನಾಗ ಅರ್ಧ ಆಟಕ್ಕ ಅರ್ಧ ಮಂದಿ ಎದ್ದು ಮನಿಗಿ ಹೋದ್ರು, ನೋಡಿದಿಲ್ಲ? ಯಾರು ಗೆಲ್ತಾರಂತ ಗೊತ್ತಾದ ಮ್ಯಾಲ ಕುಂದ್ರಾಕ ಏನದ?"

ಮನೆಗೆ ಬಂದ ಮೇಲೆ ರೇಣುಕಮ್ಮ ತಡೆಯಲಾರದೆ ಕೇಳಿದಳು. "ಅಷ್ಟು ಗಂಡಸರ ನಡುವ ಕುಂತು ವಾದಾ ಮಾಡ್ತೀರಿ. ನಾಚಿಕಿ ಬರಂಗಿಲ್ಲೇನ್ರಿ ಅತ್ತಿ?"

"ಅವರ್ಯಾವ ಗಂಡಸರ ಬೇ?" ಎಂದಳು ಅಯ್ಯಮ್ಮ, ಒಲೆಯ ಮುಂದೆ ಕಾಲು ಚಾಚಿಕೊಂಡು. "ಅರ್ಧ ಮಂದಿ ನನ್ನ ಈ ಕಾಲಮ್ಯಾಲ ಉಚ್ಚಿ ಹೊಯ್ದೋರು."

ಅದು ನಿಜ. ಮೂವತ್ತು ವರ್ಷ ಅಯ್ಯಮ್ಮ ಊರಿನ ಓಣಿ ಓಣಿಯಲ್ಲಿ ಕೂಸುಗಳಿಗೆ ಎರೆಯುವ ಕೆಲಸ ಮಾಡಿದವಳು. ಕಾಲು ನೀಡಿ ಕೂತು, ಕೂಸನ್ನು ಅದರ ಮೇಲೆ ಬೋರಲು ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಕೈಕಾಲು ಎಳೆದು ನೀವುವಳು. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಬಾಣಂತನಕ್ಕೆ ದೇವದುರ್ಗದ ತವರಿಗೆ ಬಂದರೆ ಆ ಕೂಸುಗಳಿಗೂ ಅವಳೇ.

"ಆದ್ರ ಆಟದಾಗ ನಿಮಗೇನ್ ತಿಳಿತದ್ರಿ?"

"ಆಟ ತಿಳಿಯಂಗಿಲ್ಲ," ಎಂದಳು ಅಯ್ಯಮ್ಮ. "ಕಾಲು ತಿಳಿತಾವ."

ರೇಣುಕಮ್ಮ ಅವತ್ತು ಇನ್ನೊಂದು ಮಾತು ಕೇಳಲಿಲ್ಲ. ಪಲ್ಯ ತಳ ಹಿಡಿಯುತ್ತಿತ್ತು.

\*

ಸಿದಿಗೆ ಎತ್ತುವ ಹೊತ್ತಿಗೆ ಮಾನ್ವಿಯ ಆಟಗಾರರು ಬಂದರು. ಲೀಗ್ ಶುರುವಾದಾಗಿನಿಂದ ಅವರು ಊರಿನ ಕಲ್ಯಾಣಮಂಟಪದಲ್ಲೇ ಇಳಿದುಕೊಂಡಿದ್ದರು. ಎಲ್ಲರಿಗಿಂತ ಮುಂದೆ ಹನುಮಂತರಾಯ, ಇಪ್ಪತ್ತಾರರ ಗಟ್ಟಿ ಆಳು, ಕಣ್ಣು ಕೆಂಪಗಾಗಿದ್ದವು. ಯಾರನ್ನೂ ಕೇಳದೆ ಬಂದು ಸಿದಿಗೆಯ ಮುಂದಿನ ಎಡಗೊಂಬಿಗೆ ಹೆಗಲು ಕೊಟ್ಟ.

ಹಲಗೆ ಬಡಿಯುವವರು ಮುಂದೆ, ಹೆಂಗಸರು ಹಿಂದೆ. ಗ್ರೌಂಡಿನ ಪಕ್ಕದಿಂದ ಹಾದು ಹಳ್ಳ ದಾಟಿದರೆ ಸುಡುಗಾಡು. ದಾರಿಯಲ್ಲಿ ಹೆಗಲು ಬದಲಾಗುತ್ತಿದ್ದವು. ಹನುಮಂತರಾಯ ಮಾತ್ರ ಬಿಡಲಿಲ್ಲ. ಹಿಂದಿನಿಂದ ನಡೆಯುತ್ತಿದ್ದ ರೇಣುಕಮ್ಮನ ಕಣ್ಣು ಮೊದಲು ಸುಮ್ಮನೆ ಅವನ ಮೇಲೆ ಬಿದ್ದಿತ್ತು, ಆಮೇಲೆ ಅಲ್ಲೇ ನಿಂತಿತು. ಬಲಗಾಲು ಎಲ್ಲರಂತೆ ಮಡಿಸಿ ಇಡುತ್ತಿದ್ದ. ಎಡಗಾಲನ್ನು ಮಾತ್ರ ಕೋಲಿನಂತೆ ನೆಟ್ಟಗೆ ತಂದು, ಹಿಮ್ಮಡಿ ಊರಿ, ಪಾದವನ್ನು ಹೊರಕ್ಕೆ ತಿರುಗಿಸುತ್ತಿದ್ದ. ಹಳ್ಳದ ಇಳಿಜಾರು ಬಂದಾಗ ಒಂದು ಗಳಿಗೆ ನಿಂತು ತೊಡೆಯ ಮೇಲೆ ಕೈಯಿಟ್ಟ. ಹಿಂದಿನವರು ಎಡವಿದರು. ಸಿದಿಗೆ ಒಂದಿಷ್ಟು ಓಲಾಡಿ ಮತ್ತೆ ಸರಿಹೋಯಿತು.

"ಇನ್ನಾ ಆರಾಮ ಆಗಿಲ್ಲ ಈ ಹುಡುಗಗ," ಎಂದು ಬಡೇಬೀ ತನ್ನಷ್ಟಕ್ಕೆ ಗೊಣಗಿದಳು.

"ಏನ್ ಆರಾಮ ಆಗಿಲ್ಲ?"

ಬಡೇಬೀ ಅವಳ ಮುಖ ನೋಡಿ ನಾಲಗೆ ಕಚ್ಚಿಕೊಂಡಳು. "ಹೇಳಬ್ಯಾಡ ಅಂದಿದ್ಲು ನಿನ್ನತ್ತಿ. ಈಗ ಆಕಿನ ಹೋದ ಮ್ಯಾಲ ಏನದ. ಹದಿನೈದು ದಿನದಿಂದ ಬರ್ತಿದ್ನವ್ವ, ನೀ ಸಾಲಿಗಿ ಹೋದ ಹಿಂದ. ಬಾಗಲಾ ಮುಂದ ಮಾಡಿ ಮಣಕಾಲಿಗಿ ಎಣ್ಣಿ ತಿಕ್ಕತಿದ್ಲು. ಉಸುಕು ಕಾಯಿಸಿ ಗಂಟು ಕಟ್ಟಿ ಕೊಡಾಕಿ ನಾನು."

ಕುಣಿಯಲ್ಲಿ ಇಳಿಸಿ ಮಣ್ಣು ಕೊಡುವಾಗ ರೇಣುಕಮ್ಮ ಮತ್ತೆ ನೋಡಿದಳು. ಎಲ್ಲರೂ ಕುಕ್ಕರಗಾಲಲ್ಲಿ ಕೂತು ಮೂರು ಹಿಡಿ ಹಾಕಿ ಎದ್ದರು. ಹನುಮಂತರಾಯ ಪಕ್ಕದವನ ಹೆಗಲು ಹಿಡಿದು ಬಲ ಮಂಡಿಯೊಂದನ್ನೇ ಊರಿದ. ಎಡಗಾಲು ಬದಿಗೆ ಚಾಚಿಕೊಂಡಿತ್ತು. ಏಳುವಾಗ ಅವನ ತುಟಿ ಬಿಳಿಚಿತ್ತು. ನೋಡಿದವರು ದುಃಖವೆಂದುಕೊಂಡಿರಬೇಕು.

\*

ಮದುವೆಯಾಗಿ ಬಂದ ಹೊಸದರಲ್ಲಿ ರೇಣುಕಮ್ಮನಿಗೆ ಈ ಮನೆಯಲ್ಲಿ ಸಿಕ್ಕ ಮೊದಲ ಕೆಲಸ ಬಿಸಿನೀರು ಹೊರುವುದು. ಎದುರು ಓಣಿಯ ಮನೆಯೊಂದರಲ್ಲಿ ಹುಟ್ಟಿದ ಗಂಡುಕೂಸಿನ ಎಡಪಾದ ಒಳಕ್ಕೆ ತಿರುಗಿಕೊಂಡಿತ್ತು. ಕುಂಟನಾಗುತ್ತಾನೆಂದು ತಾಯಿ ಅಳುತ್ತಿದ್ದಳು. ಅಯ್ಯಮ್ಮ ದಿನಕ್ಕೆ ಎರಡು ಸಲ ಹೋಗಿ, ಕಾಲು ನೀಡಿ ಕೂತು, ಆ ಪುಟ್ಟ ಪಾದವನ್ನು ಬೆರಳಲ್ಲಿ ಹಿಡಿದು ಹೊರಕ್ಕೆ ನೀವುತ್ತಿದ್ದಳು. ಕೂಸು ಕಿರಿಚಿ ನೀಲಿಯಾಗುತ್ತಿತ್ತು. ಅಯ್ಯಮ್ಮ ಕೂಸಿನ ಜೊತೆ ಮಾತಾಡುತ್ತಿರಲಿಲ್ಲ, ಪಾದದ ಜೊತೆ ಮಾತಾಡುತ್ತಿದ್ದಳು.

"ಹೊರಳಲೇ ಮಗನ. ನಾನೂ ಜಿದ್ದಿನಾಕಿನ. ನೋಡಮು ಯಾರು ಸೋಲ್ತಾರ."

ಹೊಸ ಸೊಸೆಗೆ ನಗು ತಡೆಯಲಾಗಿರಲಿಲ್ಲ. ಐದು ತಿಂಗಳಿಗೆ ಎರೆಯುವುದನ್ನು ಎಲ್ಲರೂ ಬಿಡುತ್ತಾರೆ. ಅಯ್ಯಮ್ಮ ಹನ್ನೊಂದು ತಿಂಗಳು ಬಿಡಲಿಲ್ಲ. ಆ ಕೂಸು ಹನುಮಂತರಾಯ.

\*

ಮಣ್ಣು ಮುಗಿಸಿ ಮಂದಿ ಹಳ್ಳದಲ್ಲಿ ಕೈಕಾಲು ತೊಳೆಯುತ್ತಿದ್ದರು. ಅಯ್ಯಣ್ಣ ಮಾಸ್ತರ ರೇಣುಕಮ್ಮನ ಹತ್ತಿರ ಬಂದು ಸ್ವಲ್ಪ ದೂರದಲ್ಲಿ ನಿಂತ.

"ತಂಗೀ, ಇಂಥಾ ಹೊತ್ತಿನಾಗ ಕೇಳಬಾರದು."

"ಕೇಳಣ್ಣ."

"ಅಯ್ಯಮ್ಮ ಸುಮ್ಮ ಹೇಳಾಕಿ ಅಲ್ಲ. ಏನರ ನೋಡ್ಯಾಳ ಆಕಿ. ಏನ್ ನೋಡ್ಯಾಳಂತ ನಮಗ ಗೊತ್ತಾದ್ರ... ನಿಮ್ಮ ಕೃಷ್ಣ ಮೂರು ವರ್ಷದಿಂದ ಹೈರಾಣ ಆಗಿ ಆಡಾಕತ್ಯಾನ. ನಮ್ಮ ಹುಡುಗರಾಗ ಅರ್ಧ ಮಂದಿ ದುಡಿಯಾಕ ಹೋದೋರು, ಆಟಕ್ಕಂತ ರಜಾ ಹಾಕಿ ಬಂದಾರ. ನಮ್ಮೂರು ಒಮ್ಮೆರ ಫೈನಲ್ ನೋಡಬೇಕಿಲ್ಲೇನು?"

ರೇಣುಕಮ್ಮ ಹಳ್ಳದ ನೀರು ನೋಡಿದಳು. ಎಡ ಮಣಕಾಲು. ಎರಡೇ ಮಾತು. ಅಷ್ಟು ಹೇಳಿದರೆ ಸಾಕು, ಅರಕೇರಾದ ಕಾರ್ನರಿನಲ್ಲಿ ನಿಂತ ಹುಡುಗರು ಬೇರೆಲ್ಲಿಯೂ ಕೈ ಹಾಕುವುದಿಲ್ಲ. ತಾನು ಹುಟ್ಟಿದ ಊರು, ತನ್ನ ಅಣ್ಣನ ಮಗ. ಬಾಯಿಗೆ ಬಂದೇ ಬಿಟ್ಟಿತ್ತು. ಆದರೆ ಬಾಗಿಲು ಮುಂದೆ ಮಾಡಿಕೊಂಡು ಎಣ್ಣೆ ತಿಕ್ಕಿದವಳು ತನ್ನ ಸೊಸೆಗೂ ಈ ಮಾತು ಹೇಳಿರಲಿಲ್ಲ.

"ನನಗ ಗೊತ್ತಿಲ್ಲಣ್ಣ," ಎಂದಳು.

ಮಾಸ್ತರ ಅವಳ ಮುಖವನ್ನು ಒಂದು ಕ್ಷಣ ಜಾಸ್ತಿಯೇ ನೋಡಿ, ತಲೆಯಾಡಿಸಿ ಹೋದ.

ಹನುಮಂತರಾಯ ಎಲ್ಲರಿಗಿಂತ ಹಿಂದೆ, ಜಾಲಿಗಿಡದ ಕೆಳಗೆ ಒಬ್ಬನೇ ನಿಂತಿದ್ದ. ರೇಣುಕಮ್ಮ ಅಲ್ಲಿಗೆ ಹೋದಳು.

"ಎಷ್ಟು ದಿನ ಆಯ್ತು?"

"ಏನ್ ಯಕ್ಕಾ?"

"ಎಡಗಾಲು."

ಅವನು ಥಟ್ಟನೆ ಸುತ್ತ ನೋಡಿದ. "ಅಜ್ಜಿ ಹೇಳಿದ್ಲಾ?"

"ಇಲ್ಲ. ಹೊತ್ಕೊಂಡು ಬರೋವಾಗ ನೀನ ಹೇಳಿದಿ."

ಅವನು ಗಿಡಕ್ಕೆ ಒರಗಿದ. ಮೂರು ವಾರದ ಹಿಂದೆ ಪ್ರಾಕ್ಟೀಸಿನಲ್ಲಿ ಒಳಗೆ ಏನೋ ಟಕ್ ಎಂದಿತಂತೆ. ರಾಯಚೂರಿಗೆ ಹೋಗಿ ತೋರಿಸಿದರೆ ಮೂರು ತಿಂಗಳು ಆಡಬೇಡ ಎಂದರಂತೆ. ಮಾನ್ವಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಲೀಗಿನ ಕೊನೆಯ ಪಂದ್ಯಗಳಲ್ಲಿ ಪಟ್ಟಿ ಸುತ್ತಿಕೊಂಡು, ಎರಡೆರಡೇ ರೇಡ್ ಹೋಗಿ ದಾಟಿಸಿದ್ದ.

"ಆಡೋತನಕ ಮಿಲ್ಲಿನಾಗ ಸೂಪರ್‌ವೈಜರ್ ಯಕ್ಕಾ. ಕುಂತ ದಿನ ನಾ ಯಾರಿಗಿ ಬೇಕು?"

"ಅತ್ತಿ ಏನಂದ್ಲು?"

"ಭಾನುವಾರ ಅಂದ್ಲು. 'ನೀ ಕುಂತ್ರ ಮಾನ್ವಿ ಗೆಲ್ತದ. ನೀ ಆಡಿದ್ರ ಮಾನ್ವಿನೂ ಸೋಲ್ತದ, ನಿನ್ನ ಕಾಲೂ ಹೋಗ್ತದ. ನೀ ಕುಂದ್ರಾವಲ್ಲ, ನನಗ ಗೊತ್ತದ' ಅಂದ್ಲು. ಮರುದಿನ ಗ್ರೌಂಡಿಗಿ ಹೋಗಿ ಎಲ್ಲರ ಮುಂದ ಮಾನ್ವಿ ಸೋಲ್ತದ ಅಂದ್ಲಂತ. ನನಗ ಸಿಟ್ಟು ಬಂತು. ಬಡೇಬಮ್ಮನ ಕೈಲೆ ಎರಡು ಸಲ ಹೇಳಿ ಕಳಿಸಿದ್ಲು, ಬಾ ಅಂತ. ನಾ ಹೋಗಲಿಲ್ಲ." ಅವನು ಗಿಡದ ತೊಗಟೆ ಕೆರೆದ. "ನಿನ್ನಿ ಮುಂಜಾನಿನೂ ಕಳಿಸಿದ್ಲು."

ರೇಣುಕಮ್ಮನಿಗೆ ಒಂದೇ ವಿಷಯ ತಿಳಿಯಬೇಕಿತ್ತು. "ಭಾನುವಾರ ಆ ಮಾತು ಹೇಳೋವಾಗ ಹ್ಯಾಂಗ ಹೇಳಿದ್ಲು? ಸಿಟ್ಟಿಲೆ?"

"ಎಣ್ಣಿ ತಿಕ್ಕೋತ ಹೇಳಿದ್ಲು. ಕೈ ನಿಂದ್ರಸಲಿಲ್ಲ."

"ಹಂಗಾದ್ರ ನಿನ್ನ ಕೂಡ ಜಿದ್ದು ಕಟ್ಟ್ಯಾಳ," ಎಂದಳು ರೇಣುಕಮ್ಮ. "ನೀ ಕುಂತು ಆಕಿ ಮಾತು ಸುಳ್ಳು ಮಾಡ್ಲಿ ಅಂತ, ತಾ ಸೋಲಬೇಕಂತ ಕಟ್ಟಿದ ಜಿದ್ದು. ಆಕಿಗಿ ಊರ ಮುಂದ ಮಾತು ತಪ್ಪಿದ್ರ ಎಷ್ಟು ಸಂಕಟ ಆಗ್ತಿತ್ತಂತ ನಿನಗ ಗೊತ್ತಿಲ್ಲ, ನನಗ ಗೊತ್ತದ."

ಹನುಮಂತರಾಯ ನೆಲ ನೋಡಿದ. ಹಳ್ಳದ ಕಡೆಯಿಂದ ಮಾನ್ವಿಯ ಕ್ಯಾಪ್ಟನ್ ಅವನ ಹೆಸರು ಹಿಡಿದು ಕೂಗಿದ.

"ಅರಕೇರಾದವರು ಬಂದು ಕೇಳಿದ್ರು ನನ್ನ. ನಾ ಹೇಳಲಿಲ್ಲ," ಎಂದಳು ರೇಣುಕಮ್ಮ. "ಕಾಲು ನಿಂದು. ಇನ್ನ ನೀನುಂಟು, ಅದುಂಟು."

ಅವನು ಹೊರಟ. ಹಳ್ಳದ ದಂಡೆ ಹತ್ತುವಾಗ ಎಲ್ಲರಿಗೂ ಕಾಣುವಂತೆ ನೆಟ್ಟಗೆ ನಡೆಯಲು ನೋಡಿದ. ಅದೂ ರೇಣುಕಮ್ಮನಿಗೆ ಗೊತ್ತಾಯಿತು.

\*

ಸಂಜೆ ಐದಕ್ಕೆ ಮನೆಯಲ್ಲಿ ಕೆಲಸವೇನೂ ಉಳಿದಿರಲಿಲ್ಲ. ನೆಂಟರು ತಂದ ಅನ್ನ ಉಂಡಾಗಿತ್ತು. ಹಂಪಯ್ಯ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ. ತೊಳೆದ ಸೀರೆಗಳನ್ನು ಒಣಹಾಕುವ ನೆಪದಲ್ಲಿ ರೇಣುಕಮ್ಮ ಮಾಳಿಗೆ ಹತ್ತಿದಳು. ಅಲ್ಲಿಂದ ಗ್ರೌಂಡು ಅಂಗೈಯಷ್ಟು ಸ್ಪಷ್ಟ. ಬಡೇಬೀ ಏದುಸಿರು ಬಿಡುತ್ತಾ ಹಿಂದೆಯೇ ಹತ್ತಿ ಬಂದಳು.

ಮೈಕಿನಲ್ಲಿ ಅಯ್ಯಮ್ಮನ ಹೆಸರು ಹೇಳಿದರು. ಒಂದು ನಿಮಿಷ ಅಷ್ಟು ದೊಡ್ಡ ಗ್ರೌಂಡು ಕಮಕ್ ಕಿಮಕ್ ಎನ್ನಲಿಲ್ಲ. ಆಮೇಲೆ ಸೀಟಿ.

ಮಾನ್ವಿಯ ಏಳು ಜನರಲ್ಲಿ ಹನುಮಂತರಾಯ ಇದ್ದ. ರೇಣುಕಮ್ಮ ಕೈಯಲ್ಲಿದ್ದ ಒದ್ದೆ ಸೀರೆಯನ್ನು ಹಿಂಡಿದಳು.

ಮೊದಲ ರೇಡಿನಲ್ಲಿ ಒಬ್ಬನನ್ನು ಮುಟ್ಟಿ ಬಂದ. ಎರಡನೆಯದರಲ್ಲಿ ಬರಿಗೈಯಲ್ಲಿ ಬಂದ. ಅವಳು ಅವನ ಕೈ ನೋಡಲಿಲ್ಲ, ಮುಖ ನೋಡಲಿಲ್ಲ. ಇವತ್ತಿನವರೆಗೂ ಕಬಡ್ಡಿಯನ್ನು ಗಮನವಿಟ್ಟು ನೋಡದವಳಿಗೆ ಈಗ ಅವನು ಯಾವ ಕಡೆ ಓಡಲಾರ, ಯಾವ ಕಡೆ ಹೊರಳಲಾರ ಎಂಬುದು ಓದಿದಂತೆ ತಿಳಿಯುತ್ತಿತ್ತು. ಅರಕೇರಾದವರಿಗೂ ತಿಳಿಯತೊಡಗಿತ್ತೋ ಏನೋ. ಮೂರನೆಯ ಸಲ ಕಾರ್ನರಿನವನು ಎಡಪಾದಕ್ಕೇ ಕೈ ಹಾಕಿದ. ನಾಲ್ವರು ಮೇಲೆ ಬಿದ್ದರು. ಅವರು ಎದ್ದ ಮೇಲೆ ಹನುಮಂತರಾಯ ಎದ್ದ, ಒಂದೇ ಕಾಲಿನ ಮೇಲೆ.

ಅರ್ಧ ಆಟಕ್ಕೆ ಅರಕೇರಾ ನಾಲ್ಕು ಪಾಯಿಂಟ್ ಮುಂದೆ.

ಆಗ ಅವನು ಕ್ಯಾಪ್ಟನ್ ಹತ್ತಿರ ಹೋಗಿ ಏನೋ ಹೇಳಿದ. ಕ್ಯಾಪ್ಟನ್ ಎರಡೂ ಕೈ ಎತ್ತಿ ಕೂಗಾಡಿದ. ಮಿಲ್ಲಿನ ಮ್ಯಾನೇಜರು ಕುರ್ಚಿ ಬಿಟ್ಟು ಓಡಿಬಂದ, ಬೆರಳು ತೋರಿಸಿದ. ಹನುಮಂತರಾಯ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ಆಮೇಲೆ ಗೆರೆಯ ಹೊರಗೆ ನೆಲದ ಮೇಲೆ ಕೂತು, ಮಣಕಾಲಿನ ಪಟ್ಟಿ ಬಿಚ್ಚತೊಡಗಿದ. ಅವನ ಬದಲಿಗೆ ಅಂಗಿ ಜೋಲುವಂಥ ಸಣಕಲ ಆಟಗಾರನೊಬ್ಬ ಒಳಗೆ ಹೋದ.

"ಕುಂತ," ಎಂದಳು ರೇಣುಕಮ್ಮ.

"ಯಾರು?" ಎಂದಳು ಬಡೇಬೀ. ಅವಳ ಕಣ್ಣು ಮಂಜು.

ಆ ಸಣಕಲನನ್ನು ಹಿಡಿಯುವುದು ಹೇಗೆಂದು ಅರಕೇರಾದವರಿಗೆ ತಿಳಿಯಲಿಲ್ಲ. ಅವನನ್ನು ಯಾರೂ ಹಿಂದೆ ನೋಡಿರಲಿಲ್ಲ. ಒಂದೊಂದೇ ಪಾಯಿಂಟ್ ಕೂಡಿ ಸರಿಸಮವಾಯಿತು. ಕೃಷ್ಣ ಒಂದೇ ರೇಡಿನಲ್ಲಿ ಇಬ್ಬರನ್ನು ಮುಟ್ಟಿ ಬಂದಾಗ ರೇಣುಕಮ್ಮನಿಗೆ ಗೊತ್ತಿಲ್ಲದೆ ಬಾಯಿಂದ ಕೂಗು ಹೊರಟಿತು. ಸತ್ತ ಮನೆಯ ಮಾಳಿಗೆ ಎಂದು ನೆನಪಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮತ್ತೆ ಮಾನ್ವಿ ಸರಿಗಟ್ಟಿತು. ಮತ್ತೆ ಒಂದು ಮುಂದೆ. ಯಾರೊಬ್ಬರೂ ಎದ್ದು ಮನೆಗೆ ಹೋಗಲಿಲ್ಲ. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವರು, ಬಸ್ಸಿಗೆ ಹೊರಟವರು ಕೂಡ ನಿಂತರು.

ಕೊನೆಯ ರೇಡು ಕೃಷ್ಣನದು. ಮಾನ್ವಿ ಒಂದು ಪಾಯಿಂಟ್ ಮುಂದಿತ್ತು. ಅವನು ಒಬ್ಬನನ್ನು ಮುಟ್ಟಿ ತಿರುಗಿದ, ಹಿಂದಿನಿಂದ ಆ ಸಣಕಲ ಸೊಂಟ ಹಿಡಿದ, ಇಬ್ಬರೂ ನೆಲಕ್ಕೆ ಬಿದ್ದರು, ಕೃಷ್ಣನ ಕೈ ನಡುಗೆರೆಯ ಕಡೆ 
ಚಾಚಿತು. ಅಷ್ಟರಲ್ಲಿ ಗ್ರೌಂಡೆಲ್ಲ ಎದ್ದು ನಿಂತು ಅವಳಿಗೆ ಏನೂ ಕಾಣದಾಯಿತು. ಬೆನ್ನುಗಳ ನಡುವಿನ ಸಂದಿಯಲ್ಲಿ ಕಂಡದ್ದು ಹನುಮಂತರಾಯ ಮಾತ್ರ. ಕೂತಲ್ಲೇ ಕತ್ತು ಚಾಚಿ, ಬಾಯಿ ತೆರೆದುಕೊಂಡು ನೋಡುತ್ತಿದ್ದ.

ಸೀಟಿ ಕೇಳಿಸಿತು. ಮಾನ್ವಿಯವರು ಮುಗಿಲಿಗೆ ನೆಗೆದರು. ಮ್ಯಾನೇಜರು ಹನುಮಂತರಾಯನ ಪಕ್ಕದಿಂದಲೇ, ಅವನತ್ತ ನೋಡದೆ, ಓಡಿಹೋಗಿ ಸಣಕಲನನ್ನು ಎತ್ತಿಕೊಂಡ.

"ಯಾರು ಗೆದ್ರವ್ವ?"

"ಮಾನ್ವಿ."

ಬಡೇಬೀ ನಿಂತಲ್ಲೇ ಕೂತುಬಿಟ್ಟಳು. "ಅಲ್ಲಾಹ್. ಹಂಗಾದ್ರ ಅಯ್ಯಮ್ಮ ಹೇಳಿದ್ದು ತಪ್ಪಾಯ್ತು. ಮೊದಲನೇ ಸಲ."

"ಹೂಂ, ತಪ್ಪಾಯ್ತು," ಎಂದಳು ರೇಣುಕಮ್ಮ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಬೆಳಗಿನಿಂದ ಅವಳು ಅತ್ತಿರಲಿಲ್ಲ. ಕೆಳಗೆ ಗ್ರೌಂಡಿನಲ್ಲಿ ಅಣ್ಣನ ಮಗ ಮುಖ ಮುಚ್ಚಿಕೊಂಡು ಕೂತಿದ್ದ. ಅವನಿಗಾಗಿಯೂ ಅತ್ತಳು.

ಹೊತ್ತು ಮುಳುಗುತ್ತಿತ್ತು. ಮಂದಿ ಮನೆಗೆ ಹೋಗುತ್ತಾರೆಂದು ಅವಳು ಕಾದಳು. ಹೋಗಲಿಲ್ಲ. ಸುಣ್ಣದ ಗೆರೆಗಳನ್ನು ತುಳಿದುಕೊಂಡು ಒಳಗೇ ನುಗ್ಗಿದರು. ಕೃಷ್ಣನ ಬೆರಳು ಗೆರೆ ಮುಟ್ಟಿತ್ತು ಎಂದು ಅರ್ಧ ಮಂದಿ, ಮುಟ್ಟಿರಲಿಲ್ಲ ಎಂದು ಅರ್ಧ ಮಂದಿ. ಕೂಗಾಟ ಮಾಳಿಗೆಯವರೆಗೂ ಕೇಳುತ್ತಿತ್ತು. ನಡುವೆ ಜಾಗ ಬಿಡಿಸಿಕೊಂಡು ಟೇಲರ್ ಮಹಾಂತಯ್ಯ ಧೋತರದ ಕಚ್ಚೆ ಎತ್ತಿ ಕಟ್ಟಿದ, ಕನ್ನಡಕ ಯಾರದೋ ಕೈಗೆ ಕೊಟ್ಟ, ಕೃಷ್ಣ ಬಿದ್ದಂತೆಯೇ ಮಣ್ಣಿನಲ್ಲಿ ಬೋರಲು ಮಲಗಿ ಗೆರೆಯ ಕಡೆ ಕೈ ಚಾಚಿದ. ಅಯ್ಯಣ್ಣ ಮಾಸ್ತರ ಹಿಂದಿನಿಂದ ಬಂದು ಅವನ ಸೊಂಟವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದ. ಸುತ್ತ ನೂರು ಜನ ಮಂಡಿಯೂರಿ, ಆ ಮುದುಕನ ಬೆರಳಿಗೂ ಗೆರೆಗೂ ನಡುವೆ ಎಷ್ಟು ಜಾಗವಿದೆ ಎಂದು ಬಗ್ಗಿ ನೋಡುತ್ತಿದ್ದರು.